ಹುಲಿಗೆಮ್ಮನ ಭಾರವೋ, ಜೋಳದ ಭಾರವೋ?

ಬೆಳಿಗ್ಗೆ ಆರೂವರೆ. ಮಂಗೋರ್ ಹಿಲ್‌ನ ಏರಿನಲ್ಲಿ ದೇವಲಪ್ಪನ ವ್ಯಾನು ಏದುಸಿರು ಬಿಡುತ್ತ ಹತ್ತುತ್ತಿತ್ತು. ವ್ಯಾನಿಗಿಂತ ಹೆಚ್ಚು ದಣಿದವನು ದೇವಲಪ್ಪ. ದಿನಕ್ಕೆ ಎರಡು ಪಾಳಿಯ ಕೆಲಸಗಾರರನ್ನು ಝುವಾರಿನಗರದ ಫ್ಯಾಕ್ಟರಿಗೆ ಬಿಡಬೇಕು, ಕರೆತರಬೇಕು. ಪೆಟ್ರೋಲ್ ರೇಟು ಮತ್ತೆ ಏರಿತ್ತು. ಅದು ಸಾಲದೆಂಬಂತೆ ಎರಡು ತಿಂಗಳಿಂದ ಈ ಗಾಡಿ ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿತ್ತು.

ಏರಿನ ತುದಿಯಲ್ಲಿ ಹುಲಿಗೆಮ್ಮ ಕಾಯುತ್ತಿದ್ದಳು. ಫ್ಯಾಕ್ಟರಿಯಲ್ಲಿ ಕಸ ಗುಡಿಸುವ ಮುದುಕಿ, ಎರಡೂ ಮೊಣಕಾಲು ಬಾತಿವೆ. ಅವಳೊಬ್ಬಳಿಗಾಗಿ ಗಾಡಿ ಇಷ್ಟು ಮೇಲೆ ಬರಬೇಕಿತ್ತು.

"ಅತ್ತಿ, ನಾಳಿಂದ ಕೆಳಗ ಮೇನ್ ರೋಡಿಗಿ ಬಂದ್ ನಿಂದರ್ರಿ. ಈ ಏರಿಗಿ ಪೆಟ್ರೋಲ್ ಭಾಳ ಹೋಗ್ತೈತಿ, ನನಗ ಪರವಡಂಗಿಲ್ಲ."

"ಇಳಿಯಾಕ ಕಾಲು ಇದ್ರ ನಿನ್ನ ಯಾಕ ಕಾಯ್ತಿದ್ನಿ, ದೇವಲಪ್ಪಾ? ಆತು ಬಿಡು, ಕೆಲಸಾನ ಬಿಡ್ತೀನಿ."

ಅವಳನ್ನು ಹತ್ತಿಸಿಕೊಂಡು ದೇವಲಪ್ಪ ಗಾಡಿ ತಿರುಗಿಸಿದ. ಇಳಿಜಾರು ಬಂದ ಕೂಡಲೇ ಎಂದಿನಂತೆ ಇಂಜಿನ್ ಬಂದ್ ಮಾಡಿದ. ಗಾಡಿ ಸುಮ್ಮನೆ ಉರುಳಿತು. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಕಲ್ಲು ಒತ್ತಿದಂತಾಯಿತು. ಒಳಗಿದ್ದ ಹೆಂಗಸರು "ಯಪ್ಪಾ!" ಎಂದು ಚೀರಿದರು. ಎರಡೂ ಕಾಲಿನಿಂದ ತುಳಿದ ಮೇಲೆ ವ್ಯಾನು ಪಂಕ್ಚರ್ ಅಂಗಡಿಯ ಎದುರು, ಟ್ಯೂಬ್ ಅದ್ದುವ ನೀರಿನ ಟಬ್ಬಿಗೆ ಒಂದು ಗೇಣು ಇರುವಾಗ ನಿಂತಿತು.

ಅಂಗಡಿಯ ಮುಮ್ತಾಜ ಸೊಂಟದ ಮೇಲೆ ಕೈಯಿಟ್ಟು ಹೊರಗೆ ಬಂದಳು. "ಏನಣ್ಣಾ, ಗಾಡಿಗಿ ಜಳಕಾ ಮಾಡ್ಸಾಕ ಬಂದ್ರೇನು?"

"ಇಂಜಿನ್ ಬಂದ್ ಮಾಡಿದ್ನೆವ್ವಾ. ಪೆಟ್ರೋಲ್ ಉಳೀತೈತಿ."

"ಪೆಟ್ರೋಲ್ ಉಳೀತೈತಿ, ನೀವು ಉಳಿಯಂಗಿಲ್ಲ. ಇಂಜಿನ್ ಬಂದಾದ್ರ ಬ್ರೇಕ್ ಬಿರುಸ ಆಗ್ತೈತಿ. ಇಳುಕಲಿನ್ಯಾಗ ಗೇರ್ ಹಾಕ್ಕೊಂಡ ಬರ್ರಿ." ಹೇಳುತ್ತಲೇ ಅವಳು ಹಿಂದಿನ ಚಕ್ರಕ್ಕೆ ಗಾಳಿ ಅಳೆಯುವ ಮೀಟರ್ ಒತ್ತಿದಳು. "ಇದರಾಗ ಗಾಳೀನ ಇಲ್ಲಲ್ರಿ!"

"ನಾನ ಕಮ್ಮಿ ಇಟ್ಟೇನಿ. ತಗ್ಗಿನ್ಯಾಗ ಮೆತ್ತಗ ಹೋಗ್ಲಿ ಅಂತ. ಇವರಿಗೆಲ್ಲಾ ನಡಾ ನೋವು."

"ಗಾಳಿ ಇಲ್ಲದ ಸೈಕಲ್ ತುಳದು ನೋಡ್ರಿ, ಉಸರು ಬಾಯಿಗಿ ಬರ್ತೈತಿ. ಇಂಜಿನ್‌ಗೂ ಹಂಗ. ಹೆಚ್ಚಿಗಿ ದುಡೀತೈತಿ, ಹೆಚ್ಚಿಗಿ ಉಣ್ತೈತಿ."

"ಸುಳ್ಳ ಮಾತು. ಪೆಟ್ರೋಲ್ ತಿನ್ನೂದು ಆ ಏರು, ಈ ಅತ್ತಿ."

ಮುಮ್ತಾಜ ಹಿಂದಿನ ಬಾಗಿಲು ಎತ್ತಿದಳು. ಅಲ್ಲಿ ಎರಡು ಚೀಲ ಕೂತಿದ್ದವು. "ಇವು ಯಾರ ಪ್ಯಾಸೆಂಜರ್?"

"ಊರಿಂದ ತಂದ ಜ್ವಾಳ. ನಮ್ಮ ಖೋಲಿ ಸೋರ್ತೈತಿ, ಎಲ್ಲಿ ಇಡ್ಲಿ? ಬಸವ ಜಯಂತಿಗಿ ಹೋದಾಗ..." ಎಂದವನು ತಟ್ಟನೆ ಮಾತು ನಿಲ್ಲಿಸಿದ. ಬಸವ ಜಯಂತಿಯಾಗಿ ಸರಿಯಾಗಿ ಎರಡು ತಿಂಗಳು.

"ಕ್ವಿಂಟಲ್ ಜ್ವಾಳ ದಿನಾ ಡ್ಯೂಟಿಗಿ ಹೋಗಿ ಬರಾಕತ್ತೈತಿ! ಅತ್ತಿ ಹಿಡಿಯಷ್ಟ ಜೀವಾ. ಜ್ವಾಳಾ ಕುಂದರ್ಸಿ ಮನಷ್ಯಾರ್ನ ಇಳಸ್ತೀರೇನಣ್ಣಾ?"

ಒಳಗಿನಿಂದ ಹುಲಿಗೆಮ್ಮನ ದನಿ ಕೇಳಿತು: "ನಮ್ಮ ಖೋಲ್ಯಾಗ ಅಟ್ಟ ಐತಿ, ಸೋರಂಗಿಲ್ಲ. ಅಲ್ಲಿ ಇಡಪಾ. ಬೇಕಾದಾಗ ನಿನ್ನ ಹೇಣ್ತಿ ಬಂದ್ ಒಯ್ಲಿ."

ದೇವಲಪ್ಪ ಹಿಂದಿನ ಬಾಗಿಲನ್ನು ಮೆಲ್ಲಗೆ ಇಳಿಸಿದ. ಮುಮ್ತಾಜ ನಾಲ್ಕೂ ಚಕ್ರಕ್ಕೆ ಗಾಳಿ ತುಂಬುತ್ತ ಹೇಳುತ್ತಲೇ ಇದ್ದಳು: "ಏರಿನ್ಯಾಗ ನಿಂತಾಗ ಕ್ಲಚ್ ಮ್ಯಾಲೆ ಕಾಲಿಟ್ಟು ತೂಗಬ್ಯಾಡ್ರಿ, ಹ್ಯಾಂಡ್‌ಬ್ರೇಕ್ ಎಳೀರಿ. ಫ್ಯಾಕ್ಟರಿ ಗೇಟಿನ ಮುಂದ ಕಾಯೂವಾಗ ಇಂಜಿನ್ ಬಂದ್ ಇಡ್ರಿ, ಅಲ್ಲಿ ಬಂದ್ ಮಾಡೂದು ಖರೇ ಉಳಿತಾಯ. ಏರ್ ಫಿಲ್ಟರಿನ ಧೂಳಾ ಯಾವಾಗ ತಗ್ಸೀರಿ? ಮೂಗು ಕಟ್ಟಿದಾಂವ ಏರು ಹತ್ತ್ಯಾನೇನು?"

ಅವತ್ತೇ ಸಂಜೆ ಅವನು ಹೆಂಡತಿ ಭಾಗವ್ವನ ಜೊತೆ ಚೀಲಗಳನ್ನು ಹುಲಿಗೆಮ್ಮನ ಅಟ್ಟಕ್ಕೇರಿಸಿದ. ಮುಂದಿನ ವಾರ ಅದೇ ಒಂದು ಟ್ಯಾಂಕ್ ಪೆಟ್ರೋಲಿನಲ್ಲಿ ಗಾಡಿ ಒಂದು ದಿನ ಹೆಚ್ಚು ಓಡಿತು. ದಣಿವು ಎಲ್ಲಿಗೂ ಹೋಗಲಿಲ್ಲ, ಎರಡು ಪಾಳಿ ಎರಡೇ ಪಾಳಿ. ಆದರೆ ಹುಲಿಗೆಮ್ಮ ಬೆಟ್ಟದ ಮೇಲೆಯೇ ಗಾಡಿ ಹತ್ತಿದಳು, ಇವತ್ತಿಗೂ ಹತ್ತುತ್ತಾಳೆ.

ಗಾಡಿ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ಪೆಟ್ರೋಲ್ ರೇಟು ನಮ್ಮ ಮಾತು ಕೇಳುವುದಿಲ್ಲ, ಚಕ್ರದ ಗಾಳಿಯಾದರೂ ಕೇಳುತ್ತದೆ. ಹದಿನೈದು ದಿನಕ್ಕೊಮ್ಮೆ, ಚಕ್ರ ತಣ್ಣಗಿರುವಾಗ ಗಾಳಿ ನೋಡಿಸಿ. ಬೇಡದ ಭಾರ ಹೊರಿಸಬೇಡಿ. ಇಳಿಜಾರಿನಲ್ಲಿ ಇಂಜಿನ್ ಆರಿಸಬೇಡಿ, ಪೆಟ್ರೋಲ್ ಮತ್ತೆ ಸಿಗುತ್ತದೆ, ಜೀವ ಸಿಗುವುದಿಲ್ಲ. ಯಾರನ್ನಾದರೂ ಗಾಡಿಯಿಂದ ಇಳಿಸುವ ಮೊದಲು, ಹಿಂದಿನ ಬಾಗಿಲು ತೆರೆದು ಒಮ್ಮೆ ನೋಡಿ.