ಸಕ್ಕರೆ ಡಬ್ಬಿಯ ಮುಚ್ಚಳ

ಅಡುಗೆಮನೆಯಲ್ಲಿ ಸೂಪರ್‌ವೈಸರ್ ಸಕ್ಕರೆ ಡಬ್ಬಿಯನ್ನು ಹೊಟ್ಟೆಗೆ ಒತ್ತಿಹಿಡಿದು ತಿರುಗಿಸಿದ. ಮುಚ್ಚಳ ಜಪ್ಪಯ್ಯ ಅಂದರೂ ಅಲುಗಲಿಲ್ಲ.

“ಬಿಡಿ ಸಾರ್, ಅದು ಹಾಗೇ,” ಎಂದಳು ಸತ್ತವನ ಹೆಂಡತಿ. “ಫ್ಯಾಕ್ಟರೀಲಿ ಆ ಡ್ರಮ್ಮಿನ ಗಲಾಟೆ ಆದಾಗಿಂದ ಇವರು ಎಲ್ಲಾ ಡಬ್ಬೀನೂ ಹೀಗೇ ಬಿಗಿದಿಡ್ತಿದ್ರು. ತೆಗೆಯೋಕೂ ಅವರೇ ಬರಬೇಕಿತ್ತು.”

ಮುಂದಿನ ಕೋಣೆಯಲ್ಲಿ ಶವವಿತ್ತು. ವ್ಯಾನು ಬರಲು ಇನ್ನೂ ಅರ್ಧ ಗಂಟೆ. ಕೈಗವಸು ಫ್ಯಾಕ್ಟರಿಯ ಜನ ಗೋಡೆಗೊರಗಿ ಕೂತಿದ್ದರು. ಅವರಿಗೆ ಚಹಾ ಆಗಬೇಕಿತ್ತು.

“ಪಾಪ, ನಮ್ಮ ಮುಚ್ಚಳದಣ್ಣ ಒಳ್ಳೇ ಮನುಷ್ಯ,” ಎಂದರು ಅಲ್ಲಿ ಯಾರೋ. ಇನ್ನೊಬ್ಬ ಕಿಸಕ್ಕನೆ ನಕ್ಕು, ಕೆಮ್ಮಿದಂತೆ ಮಾಡಿದ.

“ಇವತ್ತೂ ಬಿಡಲ್ಲ ಆ ಹೆಸರನ್ನ,” ಎಂದಳು ಆಕೆ. “ಅವರನ್ನ ಅಂದು ಏನು ಬಂತು? ಡ್ರಮ್ಮಿಗೊಂದು ಮುಚ್ಚಳ ಹಾಕೋ ಜ್ಞಾನ ಇಲ್ಲ ಅಂತ ಹನ್ನೊಂದು ವರ್ಷ ನಾನೇ ಹಂಗಿಸಿದೀನಿ. ನೀವು ದೊಡ್ಡ ಮನಸ್ಸು ಮಾಡಿ ಕೆಲಸದಲ್ಲಿ ಉಳಿಸಿಕೊಂಡ್ರಿ.”

ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು ಸೂಪರ್‌ವೈಸರನಿಗೆ. ಡ್ರಮ್ ತೆರೆದಿಟ್ಟವನು ಅವನೇ.

*

ಆ ಫ್ಯಾಕ್ಟರಿಯಲ್ಲಿ ಗವಸಿನ ಅಚ್ಚಾದ ಸಾಲುಸಾಲು ಪಿಂಗಾಣಿ ಕೈಗಳು ಮೊದಲು ಕ್ಯಾಲ್ಸಿಯಂ ನೈಟ್ರೇಟ್ ಎಂಬ ಉಪ್ಪಿನ ನೀರಿನಲ್ಲಿ ಮುಳುಗುತ್ತವೆ, ಆಮೇಲೆ ರಬ್ಬರ್ ಹಾಲಿನಲ್ಲಿ. ಆ ಉಪ್ಪಿದ್ದರೇ ಹಾಲು ಹೆಪ್ಪುಗಟ್ಟಿ ಗವಸಾಗುವುದು. ಆದರೆ ಉಪ್ಪೋ, ಮಹಾ ಹೊಟ್ಟೆಬಾಕ. ತೆರೆದಿಟ್ಟರೆ ಗಾಳಿಯ ತೇವವನ್ನೆಲ್ಲ ಕುಡಿದು ಕೆಸರಾಗಿ ಕೂರುತ್ತದೆ.

ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ಉಪ್ಪಿನ ಡ್ರಮ್ಮಿನಿಂದ ಸ್ಯಾಂಪಲ್ ತೆಗೆದವನು ಸೂಪರ್‌ವೈಸರ್. ಮನೆಗೆ ಹೊರಡುವ ಅವಸರದಲ್ಲಿ ಮುಚ್ಚಳ ಹಾಕಲಿಲ್ಲ. ಬೆಳಿಗ್ಗೆ ಉಪ್ಪಿನ ಕೋಣೆಯವನು, ಇಂದು ಶವವಾಗಿ ಮಲಗಿರುವವನೇ, ಓಡಿಬಂದ.

“ಸಾರ್, ಉಪ್ಪು ನೀರು ಕುಡಿದಿದೆ. ತೂಕದಲ್ಲಿ ಅರ್ಧ ನೀರೇ ಇರತ್ತೆ. ಹಾಕೋದು ಬೇಡ.”

“ಲಾರಿ ಬಂದು ನಿಂತಿದೆ ಮಾರಾಯ. ತಲೆ ತಿನ್ನಬೇಡ, ಹಾಕು.”

ಗವಸುಗಳು ಈರುಳ್ಳಿ ಸಿಪ್ಪೆಯಂತೆ ತೆಳ್ಳಗೆ ಬಂದವು. ಆಸ್ಪತ್ರೆಗಳಿಂದ ಹರಿದ ಮಾಲು ವಾಪಸು ಬಂತು. ಡ್ರಮ್ ತೆರೆದಿಟ್ಟವರು ಯಾರೆಂದು ಮ್ಯಾನೇಜರ್ ಅಬ್ಬರಿಸಿದಾಗ ಸೂಪರ್‌ವೈಸರ್ ತನ್ನ ಬೂಟು ನೋಡಿಕೊಂಡ. ಉಪ್ಪಿನ ಕೋಣೆಯವನು ಅವನ ಮುಖ ನೋಡುತ್ತ, ಬಾಯಿ ಬಿಡಲಿ ಎಂದು ಕಾದ. ಕೊನೆಗೆ, “ಕೋಣೆ ನನ್ನದು ಸಾರ್,” ಎಂದ. ಅವನನ್ನು ಪ್ಯಾಕಿಂಗಿಗೆ ತಳ್ಳಿದರು. ಹುಡುಗರು ಮುಚ್ಚಳದಣ್ಣ ಅಂತ ಹೆಸರಿಟ್ಟರು. ಕೇಳಿ ಸೂಪರ್‌ವೈಸರೂ ನಕ್ಕಿದ್ದ. ಥೂ, ನಕ್ಕಿದ್ದ.

*

“ಅತ್ತಿಗೆ,” ಎಂದ ಅವನು. ಡಬ್ಬಿ ಇನ್ನೂ ಕೈಯಲ್ಲೇ ಇತ್ತು. “ಆ ಡ್ರಮ್ ತೆರೆದಿಟ್ಟಿದ್ದು ನಾನು. ಅಣ್ಣ ಬೇಡ ಅಂದ್ರೂ ಆ ಉಪ್ಪು ಹಾಕಿಸಿದ್ದೂ ನಾನೇ.”

ಆಕೆ ಅವನ ಕೈಯಿಂದ ಡಬ್ಬಿ ತೆಗೆದುಕೊಂಡಳು.

“ನನಗಾದ್ರೂ ಹೇಳಬಹುದಿತ್ತು ಅವರು,” ಎಂದಳು. ಮುಚ್ಚಳದ ಅಂಚನ್ನು ಬೆರಳಿಂದ ಸವರುತ್ತ, “ನಾನು ಕೇಳಿದ್ರಲ್ವಾ ಹೇಳೋದು,” ಎಂದಳು.

“ಎಲ್ಲರ ಮುಂದೆ ಹೇಳ್ತೀನಿ.”

“ವ್ಯಾನ್ ಬರೋ ಮುಂಚೆ ಹೇಳಿ. ಅವರಿನ್ನೂ ಇಲ್ಲೇ ಇದಾರೆ.”

ಅವನು ಮುಂದಿನ ಕೋಣೆಗೆ ಹೋದ. ಅವನ ದನಿ ಒಮ್ಮೆ ತಡವರಿಸಿತು, ಮತ್ತೆ ಶುರುವಾಯಿತು.

ಆಕೆ ಒದ್ದೆ ಬಟ್ಟೆ ಸುತ್ತಿ, ಹಲ್ಲು ಕಚ್ಚಿ ತಿರುಗಿಸಿದಳು. ಸಕ್ಕರೆಯ ಮುಚ್ಚಳ ಬಂತು. ಅದಾದ ಮೇಲೆ ಚಹಾಪುಡಿಯದು. ಹಿಟ್ಟಿನದು. ಉಪ್ಪಿನದು. ಮಗಳು ಒಳಗೆ ಬರುವಷ್ಟರಲ್ಲಿ ಕಪಾಟಿನ ತುಂಬ ಡಬ್ಬಿಗಳು ಬಾಯಿ ತೆರೆದು ನಿಂತಿದ್ದವು.

“ಅಮ್ಮಾ, ವ್ಯಾನ್ ಬಂತು. ಇದೇನು, ಇರುವೆ ಬರತ್ತೆ!” ಎಂದು ಮಗಳು ಒಂದು ಮುಚ್ಚಳ ಎತ್ತಿಕೊಂಡಳು.

ಆಕೆ ಅದನ್ನು ಮಗಳ ಕೈಯಿಂದ ತೆಗೆದು ಮೇಜಿನ ಮೇಲಿಟ್ಟಳು.

“ಬರಲಿ ಬಿಡು.”