ಮುಖದ ಮೇಲಿನ ರವೆ

ಅಂಬವ್ವನವರು ಫೋಟೋವನ್ನು ಎಡಗಣ್ಣಿನ ಹತ್ತಿರ ಹಿಡಿದರು, ಆಮೇಲೆ ದೂರ ಹಿಡಿದರು, ಕಿಟಕಿಯ ಕಡೆಗೆ ತಿರುಗಿಸಿದರು. ಸೆರಗಿನ ತುದಿಯಿಂದ ಕಣ್ಣನ್ನೂ ಒರೆಸಿಕೊಂಡರು, ಫೋಟೋವನ್ನೂ ಒರೆಸಿದರು.

“ತಮ್ಮಾ, ಈ ಉಸುಕು ನನ್ನ ಕಣ್ಣಾಗ ಬಿದ್ದದ್ದೋ, ನಿನ್ನ ಫೋಟೋದಾಗ ಬಿದ್ದದ್ದೋ?”

ಸದಾನಂದ ಚಹಾದ ಬಸಿಯನ್ನು ಕೆಳಗಿಟ್ಟ. “ಫೋಟೋದಲ್ಲೇ ಉಂಟಮ್ಮಾ.”

“ಹಂಗಂದ್ರ ಛಲೋ ಆತು,” ಎಂದು ಅವರು ನಿಜವಾಗಿಯೇ ಸಮಾಧಾನಪಟ್ಟರು. “ಕಣ್ಣು ಪೂರಾ ಹೋತೇನೋ ಅಂದ್ಕೊಂಡಿದ್ದೆ.”

ವಿಲೆ ಪಾರ್ಲೆಯಲ್ಲಿದ್ದ ಮಗಳು ಚಂದ್ರವ್ವನ ಮನೆಗೆ ಅಂಬವ್ವನವರು ಗದಗಿನ ಕಡೆಯಿಂದ ಬಂದದ್ದೇ ಕಣ್ಣು ತೋರಿಸಲಿಕ್ಕೆ. ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣಿನ ನರವೂ ಸೋಲುತ್ತಿದೆ, ಇದ್ದಷ್ಟು ದಿನ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮುಂಬಯಿಗೆ ಬಂದ ಗಾಯಕಿಯನ್ನು ಕನ್ನಡದವರು ಸುಮ್ಮನೆ ಬಿಟ್ಟಾರೆಯೇ? ಸಯನ್‌ನ ಸಂಘದವರು ಗಣೇಶೋತ್ಸವದಲ್ಲಿ ಹಾಡಿಸಿದರು. ಅಲ್ಲಿಗೆ ಕ್ಯಾಮರಾ ಹಿಡಿದು ಹೋಗಿದ್ದವನು ಸದಾನಂದ. ಕಾಪುವಿನ ಕಡೆಯ ಗದ್ದೆಮನೆಯವನು. ಬೈಕುಲ್ಲಾದಲ್ಲಿ ಸೋದರಮಾವ ಕೊರಗಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂರುವುದು ಅವನ ಹೊಟ್ಟೆಪಾಡು, ಫೋಟೋ ತೆಗೆಯುವುದು ಅವನ ಹುಚ್ಚು.

ಅಂದು ಅವನು ಮಿಂಚಿನ ಬಲ್ಬು ತೆಗೆದದ್ದೇ ತಡ, ಚಂದ್ರವ್ವ ಎದ್ದು ಬಂದು ತಡೆದಿದ್ದಳು. ಆ ಬೆಳಕು ಹೊಡೆದರೆ ಅವ್ವನಿಗೆ ಬಹಳ ಹೊತ್ತು ಏನೂ ಕಾಣುವುದಿಲ್ಲ. ಸಭಾಂಗಣದಲ್ಲಿ ಇದ್ದದ್ದು ಅರಿಸಿನ ಕಲಸಿದ ನೀರಿನಂಥ ಮಂಕು ಬೆಳಕು. ಸದಾನಂದ ಇದ್ದುದರಲ್ಲಿ ಅತಿ ಚುರುಕಾದ ಫಿಲ್ಮು ಹಾಕಿ ತೆಗೆದ, ಚಿತ್ರ ತೆಳ್ಳಗೆ ಬಂದೀತೆಂದು ಡೆವಲಪರ್ ದ್ರಾವಣದಲ್ಲಿ ಇನ್ನಷ್ಟು ಹೊತ್ತು ಬಿಟ್ಟ. ದೊಡ್ಡದು ಮಾಡಿದಾಗ ಅಂಬವ್ವನವರ ಮುಖದ ತುಂಬ ಯಾರೋ ರವೆ ಎರಚಿದಂತೆ ಕಾಳು ಕಾಳು. ಮೂಗೆಲ್ಲಿ, ತುಟಿಯೆಲ್ಲಿ, ಒಂದೂ ಸರಿಯಾಗಿ ತಿಳಿಯದು.

“ನಿಮಗೆ ಸ್ಟುಡಿಯೋದಲ್ಲಿ ಕೂರಿಸಿ ಒಳ್ಳೆಯದೊಂದು ತೆಗೆಸಿಕೊಡ್ತೇನಮ್ಮಾ,” ಎಂದ ಸದಾನಂದ.

“ಕುಂತ ಫೋಟೋ ನನಗ್ಯಾಕಪಾ? ಕುಂತ ಮಾರಿ ಕನ್ನಡಿಯಾಗ ದಿನಾ ನೋಡೀನಿ. ಹಾಡೂ ಮುಂದ ನನ್ನ ಮಾರಿ ಹೆಂಗಿರ್ತದ, ಅದನ್ನ ನಾ ಈ ತನಕ ಕಂಡಿಲ್ಲ.” ಅವರು ಮುಂದಕ್ಕೆ ಬಾಗಿದರು. “ಸಣ್ಣಾಕಿದ್ದಾಗ ನಮ್ಮಣ್ಣ ಅಂತಿದ್ದ, ಅಂಬೀ, ನೀ ಹಾಡಾಕ ಕುಂತ್ರ ಹುಣಸೀಕಾಯಿ ಕಚ್ಚಿದಾಂಗ ಮಾರಿ ಸೊಟ್ಟ ಮಾಡ್ತಿ ಅಂತ. ಗುರುಗಳು ಕನ್ನಡಿ ಮುಂದ ಕುಂಡ್ರಿಸಿದ್ರು. ಕನ್ನಡಿ ನೋಡಿದ್ರ ಹಾಡು ನಿಲ್ತಿತ್ತು, ಹಾಡಿದ್ರ ಕಣ್ಣು ತಾವ ಮುಚ್ಚತಿದ್ವು. ಇಷ್ಟು ಜನಾ ನೋಡ್ಯಾರ, ನಾ ಒಬ್ಬಾಕಿ ನೋಡಿಲ್ಲ. ಕಣ್ಣು ಹೋಗೂದ್ರಾಗ ಒಮ್ಮೆ ನೋಡಬೇಕು ನೋಡು.”

ನವೆಂಬರಿನಲ್ಲಿ ಕನ್ನಡ ನಾಡು ಒಂದಾಗುವುದಿತ್ತು. ಆ ಸಂಭ್ರಮಕ್ಕೆ ಸಂಘದಲ್ಲಿ ಅವರದೇ ಇನ್ನೊಂದು ಹಾಡಿಕೆ, ಅದು ಮುಗಿದರೆ ಅವರು ಊರಿಗೆ. “ಅವತ್ತು ರವೆ ಇಲ್ಲದ್ದು ತೆಗೀತೇನೆ,” ಎಂದು ಸದಾನಂದನ ಬಾಯಿಂದ ಬಂದೇಬಿಟ್ಟಿತು. ಹೇಗೆ ಎಂಬುದು ಲೋಕಲ್ ಹತ್ತಿ ಕುಳಿತ ಮೇಲೂ ಅವನಿಗೆ ಹೊಳೆದಿರಲಿಲ್ಲ.

ಸಯನ್‌ನಲ್ಲಿ ತಿರುಮಲೇಶ ಎಂಬ ಮೈಸೂರಿನ ಕಡೆಯವರಿದ್ದರು. ರೈಲ್ವೆ ಆಫೀಸಿನ ಕೆಲಸ. ಫೋಟೋದ ಮರುಳು ಸದಾನಂದನಿಗಿಂತ ಒಂದು ಹಿಡಿ ಹೆಚ್ಚೇ. ಭಾನುವಾರ ಅವರ ಮನೆಗೆ ಹೋದಾಗ ಅವರು ಭೂತಗನ್ನಡಿ ಹಿಡಿದು ಚಿತ್ರವನ್ನು ಮೂಲೆಯಿಂದ ಮೂಲೆಗೆ ನೋಡಿದರು.

“ಬೆಳಕನ್ನ ಬೇಗ ಹಿಡಿಯೋ ಫಿಲ್ಮಿನ ಕಾಳು ದಪ್ಪ ಕಣ್ರೀ. ಅದನ್ನ ಡೆವಲಪರಿನಲ್ಲಿ ಇನ್ನೂ ಬೇಯಿಸಿದೀರಿ. ದಪ್ಪ ಕಾಳು ಬೆಂದ್ರೆ ಉಬ್ಬದೆ ಇನ್ನೇನಾಗತ್ತೆ? ನಿಧಾನದ ಫಿಲ್ಮು ಹಾಕಿ. ಅದರ ಕಾಳು ನುಣ್ಣಗಿರತ್ತೆ.”

“ಆ ಬೆಳಕಿನಲ್ಲಿ ನಿಧಾನದ ಫಿಲ್ಮಿಗೆ ಚಿತ್ರ ಬರ್ತದಾ ಸಾರ್?”

“ಬರತ್ತೆ. ಸ್ಟ್ಯಾಂಡಿನ ಮೇಲೆ ಕ್ಯಾಮರಾ ಇಟ್ಟು ಒಂದು ಸೆಕೆಂಡು ಅದರ ಬಾಗಿಲು ತೆರೆದಿಡಿ. ಅಷ್ಟು ಹೊತ್ತು ಆಯಮ್ಮ ಅಲ್ಲಾಡಬಾರದು ಅಷ್ಟೆ.” ತಿರುಮಲೇಶರು ನಕ್ಕರು. “ಹಾಡೋರನ್ನ ಕಂಬಕ್ಕೆ ಕಟ್ಟಿಹಾಕೋಕೆ ಹಗ್ಗ ಇದೆಯೇನ್ರೀ ನಿಮ್ಮ ಹೋಟ್ಲಲ್ಲಿ?”

ಕಟ್ಟಿಹಾಕುವ ಮಾತು ಆಮೇಲಿನದು. ಮೊದಲು ನಿಧಾನದ ಫಿಲ್ಮನ್ನೇ ಪರೀಕ್ಷಿಸೋಣವೆಂದು ಸದಾನಂದ ಹೋಟೆಲಿನ ಉಗ್ರಾಣಕ್ಕೆ ಹೊಕ್ಕ. ಅಡುಗೆಮನೆಯ ಬೆನ್ನಿಗೆ ಅಂಟಿಕೊಂಡ, ಕಿಟಕಿಯಿಲ್ಲದ ಆ ಕೋಣೆಯಲ್ಲಿ ಅಕ್ಕಿ ಮೂಟೆಗಳ ನಡುವೆ ಅವನ ಫಿಲ್ಮು ತೊಳೆಯುವ ಜಾಗ. ಹಲಗೆಯ ಮೇಲೆ ಹಿತ್ತಾಳೆಯ ಲೋಟಗಳನ್ನು ಜೋಡಿಸಿ, ಸಣ್ಣ ಬಲ್ಬು ಉರಿಸಿ, ನಿಧಾನವಾಗಿ ತೆಗೆದ. ಲೋಟಗಳು ಅಲ್ಲಾಡುವ ಜಾತಿಯಲ್ಲ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಬಾಗಿಲು ಹಾಕಿ ತೊಳೆದ. ದೊಡ್ಡದು ಮಾಡಿ ನೋಡಿದರೆ ಲೋಟದ ಹೊಳಪಿನ ಮೇಲೆಲ್ಲ ಮತ್ತೆ ಅದೇ ಪೀಡೆ!

“ಲೋಟಕ್ಕೂ ಸಿಡುಬು ಎದ್ದಿತಾ?” ಎಂದ ಕೊರಗಪ್ಪ, ಅಳಿಯನ ಹೆಗಲ ಮೇಲಿಂದ ಇಣುಕಿ. “ನಿನ್ನ ಕಣ್ಣೇ ಸರಿ ಇಲ್ಲವೋ ಏನೋ. ಆ ಅಮ್ಮನ ಜೊತೆ ನೀನೂ ಡಾಕ್ಟರಿಗೆ ತೋರಿಸು ಮಾರಾಯ.”

ತಿರುಮಲೇಶರು ಈ ಸಲ ಭೂತಗನ್ನಡಿಯನ್ನು ತೆಗೆಯಲೇ ಇಲ್ಲ. “ಇದು ಕಾಳಲ್ಲ ಕಣ್ರೀ. ಬಿರುಕು. ಕೆರೆ ಒಣಗಿದಾಗ ತಳದ ಮಣ್ಣು ಒಡೆಯತ್ತಲ್ಲ, ಹಾಗಿದೆ. ನಾನು ನೋಡಿದ್ದೇ ಇಲ್ಲ ಇಂಥದ್ದು. ಏನು ಮಾಡಿದ್ರಿ ಇದಕ್ಕೆ?”

ಏನೂ ಮಾಡಿಲ್ಲ ಎಂದೇ ಸದಾನಂದನ ನಂಬಿಕೆ. ಆದರೆ ರವೆಯ ಕಾರಣ ಬೇರೆ, ಬಿರುಕಿನ ಕಾರಣ ಬೇರೆ ಎಂದು ತಿಳಿದ ಮೇಲೆ ಅವನ ತಲೆಯೊಳಗೆ ಹುಳ ಹೊಕ್ಕಿತು. ಗಲ್ಲಾದಲ್ಲಿ ಕೂತು ಚಿಲ್ಲರೆ ಕೊಡುವಾಗಲೂ ಅದೇ ಯೋಚನೆ. ಅಕ್ಟೋಬರಿನ ಸೆಕೆ, ಫ್ಯಾನಿನ ಗಾಳಿಯೂ ಬಿಸಿ. ಆಗ ಒಳಗಿನಿಂದ ಟಪ್ಪೆಂದು ಸದ್ದು ಬಂತು, ಅದರ ಹಿಂದೆಯೇ ಮಾವನ ಬೈಗುಳ.

“ಏ ಚೆನ್ನಯಾ! ಬಿಸಿ ಗ್ಲಾಸಿಗೆ ತಣ್ಣೀರು ಹೊಯ್ಯಬೇಡ ಅಂತ ಎಷ್ಟು ಸಲ ಹೇಳುವುದು? ಮನೆಯಿಂದ ತಂದ ಗ್ಲಾಸಾ ಅದು?”

ಅಡುಗೆಯ ಚೆನ್ನಯ ಒಡೆದ ಚೂರುಗಳನ್ನು ಹೆಕ್ಕುತ್ತಾ, “ಗ್ಲಾಸೇ ಸರಿ ಇರಲಿಲ್ಲ ಧನಿ,” ಎನ್ನುತ್ತಿದ್ದ. ಸದಾನಂದ ಗಿರಾಕಿಯ ಕೈಗೆ ಹೆಚ್ಚು ಚಿಲ್ಲರೆ ಹಾಕಿ ಉಗ್ರಾಣಕ್ಕೆ ಓಡಿದ.

ಮೂಲೆಯಲ್ಲಿ ಒದ್ದೆ ಗೋಣಿ ಸುತ್ತಿದ ಮಣ್ಣಿನ ಹರವಿ. ಊರಲ್ಲಿ ಅಜ್ಜಿ ಬೇಸಗೆಯಲ್ಲಿ ನೀರಿಡುತ್ತಿದ್ದ ಕ್ರಮದಲ್ಲೇ ಅವನು ಅದನ್ನು ಮರಳಿನ ಮೇಲೆ ಕೂರಿಸಿದ್ದ. ಬೈಕುಲ್ಲಾದಲ್ಲೇ ಇಷ್ಟು ತಂಪಾದ ನೀರಿಲ್ಲವೆಂಬ ಹೆಮ್ಮೆ ಬೇರೆ. ಬೆಂದದ್ದಕ್ಕೆ ತಣ್ಣೀರು ಹೊಯ್ದರೆ ಬೇಯುವುದು ಅಲ್ಲಿಗೇ ನಿಲ್ಲುತ್ತದೆ, ಅಡುಗೆಮನೆಯ ಪಕ್ಕ ಬದುಕಿದವನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಡೆವಲಪರಿನಿಂದ ಎತ್ತಿದ ಫಿಲ್ಮನ್ನು ಅವನು ಯಾವಾಗಲೂ ಆ ನೀರಿಗೇ ಅದ್ದುತ್ತಿದ್ದ. ಈಗ ಒಂದು ಕೈಯನ್ನು ಡೆವಲಪರಿನ ಬಾಟಲಿಗೆ ಒತ್ತಿ, ಇನ್ನೊಂದನ್ನು ಹರವಿಯೊಳಗೆ ಇಳಿಬಿಟ್ಟ. ಬಾಟಲಿ ಇದ್ದದ್ದು ಒಲೆಯ ಗೋಡೆಗೆ ತಾಗಿಕೊಂಡು. ಕಾದ ಹಾಲಿನ ಪಾತ್ರೆಯನ್ನು ಮುಟ್ಟಿದಂತಾಯಿತು. ಇನ್ನೊಂದು ಕೈ ಮೊಣಕೈತನಕ ಜುಮ್ಮೆಂದಿತು.

“ಅಯ್ಯೋ,” ಎಂದ ತನ್ನಷ್ಟಕ್ಕೇ. “ನಾನೇ ಚೆನ್ನಯ.”

ಮರುದಿನ ಹೋಟೆಲಿನ ದೊಡ್ಡ ಕೊಪ್ಪರಿಗೆಯೊಂದನ್ನು ಕೇಳದೆ ಎತ್ತಿಕೊಂಡು ಬಂದು, ಹರವಿಯ ನೀರು ತುಂಬಿ, ಡೆವಲಪರು, ಚಿತ್ರವನ್ನು ಮಾಸದಂತೆ ನಿಲ್ಲಿಸುವ ಹೈಪೋ, ತೊಳೆಯುವ ನೀರಿನ ಚೊಂಬು ಎಲ್ಲವನ್ನೂ ಅದರೊಳಗೆ ನಿಲ್ಲಿಸಿದ. ಎಲ್ಲದರ ಬಿಸಿ ಒಂದೇ ಆಗುವ ತನಕ ಕಾದ. ಅಂದು ತೊಳೆದ ಲೋಟದ ಚಿತ್ರ ಬೆಣ್ಣೆಯಂತೆ ನುಣ್ಣಗೆ ಬಂತು. ಲೋಟದ ಹೊಟ್ಟೆಯ ಮೇಲೆ ಕೊರೆದ ಕೊರಗಪ್ಪನ ಹೆಸರನ್ನು ಓದಬಹುದಿತ್ತು.

ಉಳಿದದ್ದು ಅಲ್ಲಾಡುವ ಮನುಷ್ಯರ ಪ್ರಶ್ನೆ. ಅಂಬವ್ವನವರ ಬೆಳಗಿನ ಅಭ್ಯಾಸಕ್ಕೆ ಅವನು ವಿಲೆ ಪಾರ್ಲೆಗೆ ಹೋಗತೊಡಗಿದ. ಕ್ಯಾಮರಾ ಇಲ್ಲ, ಬರಿಗೈ. ಸಂಗೀತದ ಗಂಧ ಅವನಿಗಿರಲಿಲ್ಲ. ಊರಿನಲ್ಲಿ ಗದ್ದೆಯ ಬದುವಿನ ಮೇಲೆ ಕೂತು ಕೊಕ್ಕರೆಯನ್ನು ನೋಡಿದ ಅಭ್ಯಾಸವಿತ್ತು. ಕೊಕ್ಕರೆ ಸುಮ್ಮನೆ ಓಡಾಡುವುದು ಬೇರೆ, ಮೀನು ಕಂಡು ನಿಲ್ಲುವುದು ಬೇರೆ; ನಿಲ್ಲುವ ಮೊದಲು ಅದರ ಕೊರಳು ಒಂಚೂರು ಹಿಂದಕ್ಕೆ ಹೋಗುತ್ತದೆ. ಹಾಗೇ ಇವರನ್ನೂ ನೋಡುತ್ತಾ ಕೂತ. ಸ್ವರ ಓಡುವಾಗ ತಲೆ, ಭುಜ, ಕೈ ಎಲ್ಲವೂ ಓಡುತ್ತಿದ್ದವು. ಮೇಲಿನ ಷಡ್ಜಕ್ಕೆ ಹೋಗಿ ಅಲ್ಲೇ ನಿಂತಾಗ ಮಾತ್ರ ಮೈಯೆಲ್ಲ ನಿಂತುಬಿಡುತ್ತಿತ್ತು, ಉಸಿರೊಂದೇ ಹೊರಗೆ ಹರಿಯುತ್ತಿತ್ತು. ಅದಕ್ಕೆ ಸ್ವಲ್ಪ ಮೊದಲು ತೊಡೆಯ ಮೇಲಿದ್ದ ಎಡಗೈಯ ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಳ್ಳುತ್ತಿತ್ತು. ಪ್ರತಿ ಸಲವೂ.

ಸಿಕ್ಕಿತು ಎಂಬ ಖುಷಿಯಲ್ಲಿ ಅವನು ಮಾಡಬಾರದ ಕೆಲಸ ಮಾಡಿದ. ಅದನ್ನು ಅವರಿಗೇ ಹೇಳಿದ.

“ಹೌದೇನ!” ಅಂಬವ್ವನವರು ಹೆಬ್ಬೆರಳನ್ನು ಎತ್ತಿ ಕಣ್ಣಿನ ಹತ್ತಿರ ತಂದು ನೋಡಿದರು, ಹೊಸ ನೆಂಟರನ್ನು ನೋಡುವಂತೆ. “ಏ ಚಂದ್ರವ್ವಾ, ಕೇಳಿಲ್ಲಿ, ನನ್ನ ಹೆಬ್ಬಟ್ಟು ಒಳಗ ಹೋಗ್ತದಂತ.” ತಂಬೂರಿ ತೆಗೆದುಕೊಂಡು ಹಾಡಿದರು. ಹೆಬ್ಬೆರಳು ಕಂಬದಂತೆ ನಿಂತಿತ್ತು. ಇನ್ನೊಮ್ಮೆ ಹಾಡಿದರು. ಷಡ್ಜ ಬಂತು, ಆದರೆ ನಿಲ್ಲಲಿಲ್ಲ. ಅವರು ನಡುವೆಯೇ ಕಣ್ಣು ತೆರೆದು ಕೈಯನ್ನು ನೋಡಿಕೊಂಡರು.

ಚಂದ್ರವ್ವ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು. “ಸದಾನಂದಣ್ಣಾ, ನೀವೂ ಕನ್ನಡಿ ಆಗಿಬಿಟ್ರಲ್ಲ! ಇನ್ನ ಹಾಡಿಕಿ ಮುಗಿಯೂ ತನಕ ಈ ಕಡೆ ಬರಬ್ಯಾಡ್ರಿ.”

ಅವನು ಹೋಗಲಿಲ್ಲ. ಬೈಕುಲ್ಲಾದಲ್ಲಿ ಕೂತು, ಅವರು ಹೆಬ್ಬೆರಳನ್ನು ಮರೆಯಲಿ ಎಂದು ಬೇಡಿಕೊಂಡ. ನೆನಪಿರಲಿ ಎಂದು ದೇವರಿಗೆ ಕೈಮುಗಿಯುವವರನ್ನು ಕಂಡಿದ್ದ, ಮರೆಯಲಿ ಎಂದು ಮುಗಿದದ್ದು ಅವನೊಬ್ಬನೇ ಇರಬೇಕು.

ನವೆಂಬರಿನ ಆ ಸಂಜೆ ಸಂಘದ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಾಷಣಗಳು ಮುಗಿದು ಅಂಬವ್ವನವರು ಕೂತರು. ಸದಾನಂದ ಕಂಬದ ಮರೆಯಲ್ಲಿ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ನಿಧಾನದ ಫಿಲ್ಮು ಹಾಕಿ, ಬಾಗಿಲು ತೆರೆಯುವ ಷಟರಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡ. ಮೊದಲ ರಾಗದಲ್ಲಿ ಹೆಬ್ಬೆರಳು ಒಮ್ಮೆ ಅಲ್ಲಾಡಿ, ಏನೋ ನೆನಪಾದಂತೆ ನೆಟ್ಟಗಾಯಿತು. ಎರಡನೆಯದರಲ್ಲೂ ಹಾಗೆಯೇ. ಪಕ್ಕದಲ್ಲಿದ್ದ ತಿರುಮಲೇಶರು “ತೆಗೀರಿ, ತೆಗೀರಿ” ಎಂದು ಪಿಸುಗುಟ್ಟಿದರು. ಸದಾನಂದ ಈಗಲ್ಲ ಎಂದು ತಲೆಯಾಡಿಸಿದ. ಆಮೇಲೆ ಒಂದು ತತ್ವಪದ ಬಂತು. ಸಭೆ ಅವರ ಜೊತೆ ತೂಗತೊಡಗಿತು. ಮುಂದಿನ ಸಾಲಿನ ಮುದುಕರೊಬ್ಬರು “ಆಹಾ ತಾಯೀ” ಎಂದರು. ಅಂಬವ್ವನವರು ಅತ್ತ ಮುಖ ತಿರುಗಿಸಿ ನಕ್ಕರು, ಕಣ್ಣು ಮುಚ್ಚಿದರು, ಮೇಲಕ್ಕೆ ಹೊರಟರು. ಹೆಬ್ಬೆರಳು ಅಂಗೈಯೊಳಗೆ ಮಲಗಿತು.

ಸದಾನಂದ ತಂತಿ ಒತ್ತಿದ. ಕ್ಯಾಮರಾದ ಬಾಗಿಲು ತೆರೆದಿದ್ದಷ್ಟು ಹೊತ್ತೂ ಅವನೂ ಅಲ್ಲಾಡಲಿಲ್ಲ.

ಫಿಲ್ಮು ಕೊಪ್ಪರಿಗೆಯ ನೀರಿನಿಂದ ಚೆನ್ನಾಗಿ ಎದ್ದು ಬಂತು. ಹಲಗೆಯಷ್ಟು ದೊಡ್ಡದು ಮಾಡಿದರೂ ರವೆಯಿಲ್ಲ, ಬಿರುಕಿಲ್ಲ. ಕಿವಿಯ ಬೆಂಡೋಲೆಯ ಹರಳನ್ನು ಎಣಿಸಬಹುದು. ಮಾವ ಕೊರಗಪ್ಪನೂ ಮೆಚ್ಚಿ ತಲೆದೂಗಿದ. ಆಮೇಲೆ ಸ್ವಲ್ಪ ಬಗ್ಗಿದ.

“ತುಟಿ ಒಂಚೂರು ಸೊಟ್ಟ ಉಂಟಲ್ಲ ಮಾರಾಯ. ಎಡಕ್ಕೆ.”

ಸದಾನಂದ ನೋಡಿದ. ಹೌದು. ರವೆ ಇದ್ದಾಗ ಅದರಡಿಯಲ್ಲಿ ಮುಚ್ಚಿಹೋಗಿದ್ದದ್ದು ಈಗ ಎದ್ದು ಕಾಣುತ್ತಿತ್ತು. ತುಟಿಯ ಎಡಮೂಲೆ ಕೆಳಗೆಳೆದುಕೊಂಡಿತ್ತು.

“ಸ್ಟುಡಿಯೋದವರು ಪೆನ್ಸಿಲಿನಲ್ಲಿ ಸರಿ ಮಾಡ್ತಾರಂತೆ. ಮಾಡಿಸು. ಮುದಿ ಹೆಂಗಸು, ಕಣ್ಣು ಬೇರೆ ಹೋಗ್ತಾ ಉಂಟು. ಚಂದ ಕಂಡರೆ ನಿನಗೇನು ನಷ್ಟ?”

ನಷ್ಟವೇನೂ ಇರಲಿಲ್ಲ. ಸದಾನಂದ ಪೆನ್ಸಿಲನ್ನು ಹುಡುಕಿ ತಂದದ್ದೂ ನಿಜ. ಅದನ್ನು ಚೂಪು ಮಾಡುತ್ತಾ ಮಾಡುತ್ತಾ, ಆ ಅಮ್ಮ ಕೇಳಿದ್ದು ಚಂದ ಉಂಟೋ ಎಂದಲ್ಲವಲ್ಲ, ಹೇಗಿರುತ್ತದೆ ಎಂದು, ಎಂಬುದು ಅವನ ತಲೆಗೆ ಬಂತು. ಇಷ್ಟು ದಿನ ಒಂದೊಂದೇ ಕಾಳು ಹೆಕ್ಕಿ ತೆಗೆದು, ಕೊನೆಗೆ ತಾನೇ ಒಂದು ಗೀಟು ಎಳೆಯುವುದೇ? ಪೆನ್ಸಿಲನ್ನು ಗಲ್ಲಾದ ಡಬ್ಬಿಗೆ ಹಾಕಿ, ಫೋಟೋವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ. ಆದರೂ ವಿಲೆ ಪಾರ್ಲೆ ಸ್ಟೇಷನ್ನಿನಲ್ಲಿ ಇಳಿದಾಗ ಬಟ್ಟೆ ಬಿಚ್ಚಿ ಆ ತುಟಿಯನ್ನು ಇನ್ನೊಮ್ಮೆ ನೋಡಿಕೊಂಡ.

ಚಂದ್ರವ್ವ ಅವ್ವನ ಗಂಟು ಮೂಟೆ ಕಟ್ಟುತ್ತಿದ್ದಳು. ಅಂಬವ್ವನವರು ಫೋಟೋ ತೆಗೆದುಕೊಂಡು ಬಾಲ್ಕನಿಯ ಬಿಸಿಲಿಗೆ ಹೋಗಿ ನೆಲದ ಮೇಲೆ ಕೂತರು. ಮೂಗು ತಾಗುವಷ್ಟು ಹತ್ತಿರ ಹಿಡಿದು ಮೇಲಿನಿಂದ ಕೆಳಕ್ಕೆ, ಬೈತಲೆಯಿಂದ ಶುರುಮಾಡಿ, ಹೊಲದ ಸಾಲು ನೋಡುವವರಂತೆ ಸಾಲು ಸಾಲಾಗಿ ನೋಡುತ್ತಾ ಬಂದರು.

“ಇಲ್ಲೆ ಕರ್ರಗ ಐತಲ್ಲ, ಇದೇನು?”

“ಮೂಗಿನ ನೆರಳಮ್ಮಾ.”

“ಹ್ಞೂ.” ಬೆರಳು ಕೆಳಗಿಳಿದು ತುಟಿಯ ಹತ್ತಿರ ನಿಂತಿತು. ಅಲ್ಲೇ ಬಹಳ ಹೊತ್ತು ಉಳಿಯಿತು. ಕೆಳಗೆ ಯಾರೋ ಸೈಕಲ್ಲಿನಲ್ಲಿ ಪಾವ್ ಮಾರುತ್ತಾ ಹೋದ.

“ಸೊಟ್ಟ ಐತಿ,” ಎಂದರು.

ಚಂದ್ರವ್ವ ಗಂಟು ಬಿಟ್ಟು ಬಾಗಿಲಿಗೆ ಬಂದಳು.

“ನಮ್ಮಣ್ಣ ಖರೇನ ಅಂದಿದ್ದ, ಭಾಡ್ಯಾ!” ಅಂಬವ್ವನವರ ಹೊಟ್ಟೆ ಕುಲುಕತೊಡಗಿತು, ನಗುತ್ತಿದ್ದಾರೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. “ಆದ್ರ ಹುಣಸೀಕಾಯಿ ಕಚ್ಚಿದಾಂಗ ಅಲ್ಲ, ಅದು ಸುಳ್ಳು. ಚಂದ್ರವ್ವಾ, ನೀ ನಿಮ್ಮಜ್ಜೀನ ನೋಡಿಲ್ಲ. ರೊಟ್ಟಿ ಹಂಚಿನ ಮ್ಯಾಲೆ ಉಬ್ಬೂದು ಕಾಯ್ಕೋತ, ಈಗ ತಿರುವಲೋ ಇನ್ನೊಂಚೂರು ತಡೀಲೋ ಅಂತ, ತುಟಿ ಹಿಂಗ ಎಳಕೊಂಡು ಕುಂತಿರ್ತಿದ್ಲು. ನಮ್ಮವ್ವನ ಮಾರಿ ಇದು. ಹಾಡೂ ಮುಂದ ನಾ ನಮ್ಮವ್ವ ಆಗ್ತೀನಿ ಅಂತ ನನಗ ಯಾರೂ ಹೇಳಿರಲಿಲ್ಲ ನೋಡು.”

ಅವರು ಮತ್ತೆ ಬೈತಲೆಯಿಂದ ನೋಡಲು ಶುರುಮಾಡಿದರು. ಸದಾನಂದ ಪಕ್ಕಕ್ಕೆ ಬಗ್ಗಿ, ಅವರ ಬೆರಳು ಹೋದಲ್ಲೆಲ್ಲ ತಾನೂ ಕಣ್ಣು ಹಾಯಿಸಿದ. ತಿಂಗಳುಗಟ್ಟಲೆ ಅವನು ಈ ಮುಖದ ಮೇಲೆ ರವೆಯನ್ನೇ ಹುಡುಕಿದ್ದ. ಹುಬ್ಬಿನ ನಡುವಿನ ಆ ಸಣ್ಣ ಗೆರೆ, ಹಂಚಿನ ಮೇಲಿನದು ಇನ್ನೇನು ಬೆಂದೀತು ಎಂದು ಕಾಯುವಂಥದ್ದು, ಅವನ ಕಣ್ಣಿಗೂ ಬಿದ್ದದ್ದು ಈಗಲೇ.