ನಾಯಿ ವಾಪಸ್ ಬಂದ ಕಾದಂಬರಿ

ಒಂದು ಮಕ್ಕಳ ಕಾದಂಬರಿಯ ಬಗ್ಗೆ ಐವರು ಮಕ್ಕಳು ಬರೆದುಕೊಟ್ಟ ಅಭಿಪ್ರಾಯ ಓದುತ್ತಿದ್ದ ಶಾಲೆಯ ಲೈಬ್ರರಿ ಮೇಡಂಗೆ ಅನುಮಾನ ಬಂತು. ತಪ್ಪಿಸಿಕೊಂಡ ನಾಯಿ ಕೊನೆಗೆ ಮನೆ ಸೇರಿದ್ದು ಇಷ್ಟವಾಯಿತೆಂದು ಎಲ್ಲರೂ ಬರೆದಿದ್ದರು. ಒಬ್ಬರದನ್ನು ನೋಡಿ ಇನ್ನೊಬ್ಬರು ಗೀಚಿದ್ದಾರೆ ಎಂದುಕೊಂಡು ಐವರನ್ನೂ ಕರೆಸಿದರು.

“ಪುಸ್ತಕದಲ್ಲಿ ನಾಯಿ ವಾಪಸ್ ಬರೋದೇ ಇಲ್ಲ. ನಿಜ ಹೇಳಿ, ಓದಿದ್ದು ಯಾರು?”

ಎಲ್ಲರಿಗಿಂತ ದೊಡ್ಡವಳು ಹತ್ತಿರ ಬಂದು ಪಿಸುಗುಟ್ಟಿದಳು: “ನಾನೇ ಮೇಡಂ, ಇವರಿಗೆಲ್ಲ ಓದಿ ಹೇಳಿದ್ದು. ನಮ್ಮನೆ ನಾಯಿ ಕಳೆದುಹೋಗಿ ತಿಂಗಳಾಯ್ತು. ತಂಗಿ ಅಳ್ತಾಳೆ ಅಂತ ಕೊನೆ ಬದಲಾಯಿಸಿದೆ.”

ಮೇಡಂಗೆ ಪಿಚ್ಚೆನಿಸಿತು. “ಬರುತ್ತೆ ಪುಟ್ಟಿ, ನಾನೇ ಸರಿಯಾಗಿ ಓದಿರ್ಲಿಲ್ಲ” ಎಂದು ಐವರಲ್ಲೇ ಇದ್ದ ಆ ತಂಗಿಯ ತಲೆ ಸವರಿದರು.

ಅವಳು ಮೇಡಂ ಮುಖ ನೋಡಿದಳು, ಅಕ್ಕನ ಮುಖ ನೋಡಿದಳು. “ಎಲ್ಲಿ, ಪುಸ್ತಕ ಕೊಡಿ ಮೇಡಂ. ನಾನೇ ಓದ್ತೀನಿ” ಎಂದು ಕೈ ಚಾಚಿದಳು.